ಮಿರಜದ ಬೀಗರು

ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ದ್ವಾರಕಾಬಾಯಿ ಇಬ್ಬರು ಗಂಡು ಎನ್ನುತ್ತಾಳೆ. ಆಮೇಲೆ ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿ, "ದೊಡ್ಡಾಕಿ ಒಬ್ಬಾಕಿ ಇದ್ದಳು. ಸಣ್ಣಾಕಿ ಇದ್ದಾಗನ ಮಿರಜದವರಿಗೆ ಕೊಟ್ಟಬಿಟ್ಟೆ," ಎಂದು ಸೇರಿಸುತ್ತಾಳೆ. ಕೇಳಿದವರು ಹೊಸಬರಾದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ವಾಯಿ ಊರಿನ ಹಳಬರು ಮಾತ್ರ ನಗುತ್ತಾರೆ. ಆ ದೊಡ್ಡ ಮಗಳು ಗೇಣುದ್ದದ ಬಟ್ಟೆಯ ಗೊಂಬೆ ಎಂಬುದು ಅವರಿಗೆ ಗೊತ್ತು.

ಗೊಂಬೆಯನ್ನು ಮಾಡಿದವಳು ಅವಳ ಅಜ್ಜಿ, ಆಜಿ. ದ್ವಾರಕೆಯ ಅಪ್ಪ ಗೋವಿಂದ ಹೇಂದ್ರೆ, ಮನೆಯವರ ಬಾಯಲ್ಲಿ ದಾದಾ, ಪೇಟೆಯ ಓಣಿಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದ. ಸಂಜೆಗೆ ಯಂತ್ರದ ಕೆಳಗೆ ಬಿದ್ದ ಚೂರುಬಟ್ಟೆಯನ್ನೆಲ್ಲ ಆಜಿ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಚೂರಿನಿಂದ ಕೌದಿ ಆಗುತ್ತಿತ್ತು. ಕೌದಿಯಲ್ಲಿ ಮಿಕ್ಕಿದ್ದರಿಂದ ಈ ಗೊಂಬೆ, ಠಕೂ, ಆದಳು. ಅವಳ ಹೊಟ್ಟೆಯಲ್ಲಿ ಯಾರದೋ ಕೋಟಿನ ಅಸ್ತರು, ಯಾರದೋ ಮದುವೆಯ ಕುಪ್ಪಸ, ಯಾವುದೋ ಹುಡುಗನ ಶಾಲೆಯ ಚಡ್ಡಿ ಎಲ್ಲ ಸೇರಿದ್ದವು. "ಇಡೀ ವಾಯಿ ಇಕಿ ಹೊಟ್ಟ್ಯಾಗ ಅದ," ಎನ್ನುತ್ತಿದ್ದಳು ಆಜಿ. ಕರಿ ದಾರದ ಜಡೆ, ಗಾಜಿನ ಮಣಿಯ ನತ್ತು. ಮೂಗಿನ ಹೊಲಿಗೆ ಸ್ವಲ್ಪ ಜಗ್ಗಿ ತುಟಿಯ ಒಂದು ಬದಿ ಮೇಲಕ್ಕೆ ಹೋಗಿದ್ದರಿಂದ, ಠಕೂ ಯಾವಾಗಲೂ ಏನೋ ಒಂದು ಚಾಡಿ ಹೇಳಲು ಬಾಯಿ ತೆರೆದವಳ ಹಾಗೆ ಕಾಣುತ್ತಿದ್ದಳು.

ದ್ವಾರಕೆಗೆ ಬೇರೆ ಆಟಿಕೆಗಳೂ ಇದ್ದವು. ಎತ್ತಿನ ಹಬ್ಬವಾದ ಬೇಂದೂರಕ್ಕೆ ತಂದ ಮಣ್ಣಿನ ಎತ್ತುಗಳು, ಕೋಡು ಮುರಿದರೂ ಒಲೆಯ ಗೂಡಿನಲ್ಲಿ ಮುಂದಿನ ಬೇಂದೂರದವರೆಗೆ ನಿಂತಿರುತ್ತಿದ್ದವು. ಅಂಗೈಯಲ್ಲಿ ಬಿಸಿಯಾಗುವ ತನಕ ಆಡುವ ಗಜ್ಜುಗದ ಕಾಯಿಗಳಿದ್ದವು. ಆದರೆ ಅವು ಆಡಿ ಬಿಡುವ ಸಾಮಾನು. ಠಕೂನನ್ನು ಬಿಟ್ಟು ಅವಳು ಉಣ್ಣುತ್ತಿರಲಿಲ್ಲ. ತಾನು ನೆಗಡಿಯಾಗಿ ಮಲಗಿದರೆ ಠಕೂನ ಎದೆಗೂ ಬಿಸಿ ಎಣ್ಣೆ ಹಚ್ಚಿಸುತ್ತಿದ್ದಳು. ಅದರ ಕಲೆ ಕೊನೆಯ ತನಕ ಹೋಗಲಿಲ್ಲ.

ಪಕ್ಕದ ಓಣಿಗೆ ದಿಘೆಯವರು ಬಂದದ್ದು ಆಗ. ದಿಘೆ ಕಾಕಾ ಕೋರ್ಟಿನಲ್ಲಿ ಕಾರಕೂನ, ಊರೂರಿಗೆ ವರ್ಗವಾಗುವ ನೌಕರಿ. ಅವರ ಒಬ್ಬಳೇ ಮಗಳು ಮಂದಾಕಿನಿ ದ್ವಾರಕೆಯ ವಾರಿಗೆಯವಳು. ಮಂದಾಳ ಹತ್ತಿರ ಹಿತ್ತಾಳೆಯ ಅಡಿಗೆ ಆಟದ ಇಡೀ ಸಂಸಾರವೇ ಇತ್ತು: ಬೆರಳುದ್ದದ ಲಟ್ಟಣಿಗೆ, ಅಂಗೈಯಗಲದ ಒಲೆ, ನಿಂಬೆಹಣ್ಣಿನಷ್ಟು ಹಂಡೆ. ಜೊತೆಗೆ ಸಾವಂತವಾಡಿಯಿಂದ ತಂದ ಮರದ ಗಂಡುಗೊಂಬೆ. ಕೆಂಪು ಪಗಡಿ, ಕೊಂಕಿದ ಮೀಸೆ. ಅವನ ಹೆಸರು ರಂಗರಾವ್. ರಂಗರಾಯನಿಗೆ ಕೂಡಲು ಬರುತ್ತಿರಲಿಲ್ಲ, ನಿಲ್ಲುವುದೊಂದೇ. ಆದರೂ ಒಳ್ಳೆಯ ವರ.

ಮದುವೆಯ ಮಾತು ತೆಗೆದವಳು ಮಂದಾ. ತುಳಸಿ ಲಗ್ನ ಮುಗಿದ ಮಾರನೆಯ ವಾರ, ದೊಡ್ಡವರಿಗೂ ಸ್ವಲ್ಪ ಬಿಡುವಿತ್ತು. ಹೇಂದ್ರೆಯವರ ಅಂಗಳದಲ್ಲಿ ದಾದಾ ಒಂದು ಬಿಳಿ ಪಂಜೆಯನ್ನು ಅಂತಃಪಟವಾಗಿ ಹಿಡಿದ. ದಿಘೆ ಕಾಕಾ ಟೊಪ್ಪಿಗೆ ಹಾಕಿಕೊಂಡು ಬಂದು, ಕೋರ್ಟಿನ ಕಾಗದ ಓದುವ ಗತ್ತಿನಲ್ಲಿ ಮಂಗಳಾಷ್ಟಕ ಹೇಳಿದರು. ನೆರೆಹೊರೆಯವರೆಲ್ಲ ಅಕ್ಷತೆ ಹಾಕಿದರು. ಹಿತ್ತಾಳೆಯ ತಟ್ಟೆಗಳಲ್ಲಿ ಚುರುಮುರಿ, ಶೇಂಗಾ, ಬೆಲ್ಲದ ಊಟವಾಯಿತು. ಅಷ್ಟರ ಮೇಲೆ ಮಂದಾ ವರನನ್ನೂ ವಧುವನ್ನೂ ಒಂದೇ ಬುಟ್ಟಿಯಲ್ಲಿಟ್ಟುಕೊಂಡು ಮನೆಗೆ ಹೊರಟಳು.

ಇದೊಂದನ್ನು ದ್ವಾರಕೆ ಎಣಿಸಿರಲಿಲ್ಲ. ಮದುವೆಯಾದ ಮಗಳು ಗಂಡನ ಮನೆಗೆ ಹೋಗುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಠಕೂ ಹೋಗುತ್ತಾಳೆ ಎಂಬುದು ಹೊಳೆದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಳು ಸುರುವಾಯಿತು. ಅವಳ ತಾಯಿ, ಅಂದರೆ ಆಯಿ, ಗದರಿದಳು, ದಾದಾ ಹೋಗಿ ಕೇಳಿ ತರುತ್ತೇನೆ ಎಂದು ಎದ್ದ. ಆಜಿ ಅವನನ್ನು ಕೂಡಿಸಿದಳು.

"ಕೊಟ್ಟ ಮಗಳನ್ನ ತಿರುಗಿ ಕೇಳಬಾರದವಾ," ಎಂದಳು ಮೊಮ್ಮಗಳಿಗೆ. "ಆದರ ಬೀಗರ ಮನಿಗೆ ದಿನಾ ಹೋಗಿ ಬರಬಹುದು. ಅದನ್ನ ಯಾರೂ ಬ್ಯಾಡ ಅನ್ನೂದಿಲ್ಲ."

ಅಲ್ಲಿಂದ ಮುಂದೆ ಹೋಗಿ ಬರುವುದೇ ಒಂದು ಆಟವಾಯಿತು. ಆಜಿ ಬೀಗತನದ ಒಂದು ರೀತಿಯನ್ನೂ ಬಿಡಗೊಡಲಿಲ್ಲ. ಸಂಕ್ರಾಂತಿಗೆ ಎಳ್ಳು, ನಾಗಪಂಚಮಿಗೆ ಮಗಳನ್ನು ತವರಿಗೆ ಕರೆಯುವುದು, ಮೊದಲ ದೀಪಾವಳಿಗೆ ಅಳಿಯನ ಸತ್ಕಾರ. ಆ ದೀಪಾವಳಿಗೆ ರಂಗರಾಯನನ್ನು ಮಣೆಯ ಮೇಲೆ ನಿಲ್ಲಿಸಿ, ದ್ವಾರಕೆ ಎಣ್ಣೆ ಹಚ್ಚಿ, ಸುಗಂಧದ ಹಿಟ್ಟು ಬಳಿದು, ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿದಳು. ನೀರು ಹೊಯ್ದು ನೋಡಿದರೆ ಅಳಿಯನಿಗೆ ಮೀಸೆ ಇಲ್ಲ. ಮಂದಾ ಚೀರಿದ್ದಕ್ಕೆ ಓಣಿಯ ಮಂದಿ ಹೊರಗೆ ಬಂದರು. ದಿಘೆ ಕಾಕಾ ಬಂದು, ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಮಾವನ ಮನೆಯಲ್ಲಿ ಮೀಸೆ ಕಳೆದುಕೊಂಡವರಲ್ಲಿ ಇವನೇನೂ ಮೊದಲನೆಯವನಲ್ಲ ಎಂದು ತೀರ್ಪು ಕೊಟ್ಟರು. ಅವರೇ ಕೋರ್ಟಿನ ಶಾಯಿಯಿಂದ ಮೀಸೆ ಬರೆದರು. ದಾದಾ ಸಮಾಧಾನಕ್ಕೆಂದು ಅಳಿಯನಿಗೆ ಒಂದು ಕರಿಯ ಕೋಟು ಹೊಲಿದುಕೊಟ್ಟ. ಅಂದಿನಿಂದ ಅಪ್ಪಂದಿರಿಬ್ಬರೂ ಪೇಟೆಯಲ್ಲಿ ಎದುರಾದರೆ "ಏನ್ರಿ ಬೀಗರ?" ಎಂದೇ ಕರೆದುಕೊಳ್ಳುತ್ತಿದ್ದರು.

ಮರುವರ್ಷ ದಿಘೆಯವರಿಗೆ ಮಿರಜಕ್ಕೆ ವರ್ಗವಾಯಿತು. ಎಸ್.ಟಿ. ಬಸ್ಸಿನ ನೆತ್ತಿಯ ಮೇಲೆ ಸಾಮಾನು ಏರಿಸುವಾಗ ದಾದಾ ಕಾಗದದ ಪೊಟ್ಟಣವೊಂದನ್ನು ಮಂದಾಳ ಕೈಗೆ ಕೊಟ್ಟ. ಒಳಗೆ ಠಕೂಗೆ ಖಣದ ಬಟ್ಟೆಯ ಹೊಸ ಸೀರೆ. ದ್ವಾರಕೆ ಬಸ್ಸಿನ ಕಿಟಕಿಯ ಸರಳು ಹಿಡಿದು, ನನ್ನ ಮಗಳಿಗೆ ರಾತ್ರಿ ಕತ್ತಲೆಂದರೆ ಭಯ ಎಂದು ಮಂದಾಳಿಗೆ ಹೇಳಿದಳು. ಮಂದಾ ತಲೆಯಾಡಿಸಿದಳು. ಬಸ್ಸು ಹೋಯಿತು. ಮೊದಮೊದಲು ಒಂದೆರಡು ಕಾರ್ಡು ಬಂದವು, ಆಮೇಲೆ ಅವೂ ನಿಂತವು. ಆಜಿ ತೀರಿಕೊಂಡಳು. ದ್ವಾರಕೆ ಸೀರೆ ಉಡತೊಡಗಿದಳು.

ಅವಳಿಗೆ ಹದಿನೆಂಟಾಗಿದ್ದಾಗ ದಾದಾನಿಗೆ ಹೊಟ್ಟೆಯ ಬೇನೆ ಹತ್ತಿತು. ಬಹಳ ದಿನ ಅವನು ಸೊಂಟಕ್ಕೆ ಪಂಜೆ ಬಿಗಿದುಕೊಂಡು ಯಂತ್ರ ತುಳಿದ. ಒಂದು ದಿನ ವಾಂತಿಯಲ್ಲಿ ರಕ್ತ ಬಂತು. ಊರಿನ ಡಾಕ್ಟರು ಇದು ಇಲ್ಲಿ ಆಗುವ ಕೆಲಸವಲ್ಲ, ಮಿರಜದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಆ ಕಾಲದಲ್ಲಿ ದೂರದೂರದ ಊರಿನವರೆಲ್ಲ ಹಾಸಿಗೆ ಸುತ್ತಿಕೊಂಡು ಮಿರಜಕ್ಕೇ ಹೋಗುತ್ತಿದ್ದರು. ಆಯಿ ಮತ್ತು ದ್ವಾರಕೆ ದಾದಾನನ್ನು ಅಲ್ಲಿ ಸೇರಿಸಿದರು. ಕೊಯ್ಯಬೇಕು, ಆಮೇಲೂ ಬಹಳ ದಿನ ಇರಬೇಕು ಎಂದರು ಅಲ್ಲಿ. ಧರ್ಮಶಾಲೆ ತುಂಬಿತ್ತು. ತಾಯಿ ಮಗಳು ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ, ಇತರ ರೋಗಿಗಳ ಮನೆಯವರ ನಡುವೆ ಮೂರು ಕಲ್ಲು ಹೂಡಿದರು. ಎರಡನೆಯ ದಿನ ಮಳೆ ಸುರುವಾಯಿತು. ಒಲೆ ಹೊತ್ತಲಿಲ್ಲ. ಆಯಿ ಹಾಸಿಗೆಯ ಸುರುಳಿಯನ್ನು ಮೊಣಕಾಲ ಮೇಲೆ ಹೊತ್ತು ಗೋಡೆಗೆ ಆನಿಕೊಂಡು ಕೂತಿದ್ದನ್ನು ನೋಡಿ ದ್ವಾರಕೆಗೆ ನೆನಪಾಯಿತು: ಈ ಊರಲ್ಲಿ ನಮ್ಮ ಬೀಗರಿದ್ದಾರೆ.

ಹೇಳಿದಾಗ ಆಯಿಗೆ ಸಿಟ್ಟು ಬಂತು.

"ಗೊಂಬಿ ಮದುವಿ ಬಳಗ ಹೇಳಿಕೊಂಡು ಇನ್ನೊಬ್ಬರ ಮನಿ ಬಾಗಲಾಗ ನಿಲ್ಲತೀಯೇನ?" ಎಂದಳು. "ನಕ್ಕಾರು. ಅಪ್ಪನ ಮಾನ ಇಲ್ಲೇ ಮಣ್ಣಾಗ ಹಾಕಬ್ಯಾಡ."

ಮಳೆ ಸ್ವಲ್ಪ ಹಿಂಜರಿದಾಗ ದ್ವಾರಕೆ ನೀರು ತರುವ ನೆವದಿಂದ ಎದ್ದು, ಕೋರ್ಟು ಎಲ್ಲಿ, ಕೋರ್ಟಿನ ದಿಘೆಯವರ ಮನೆ ಎಲ್ಲಿ ಎಂದು ಕೇಳುತ್ತ ಹೋದಳು. ತಂತಿವಾದ್ಯ ಮಾಡುವವರ ಓಣಿ ದಾಟಿದ ಮೇಲೆ ಸಿಕ್ಕ ಮನೆ. ಕದ ತೆರೆದವರು ಮಂದಾಳ ತಾಯಿ, ಕಾಕೂ. ಅವರ ಕೂದಲು ಹಣ್ಣಾಗಿತ್ತು, ಹಣೆಯ ಕುಂಕುಮ ಅದೇ ದೊಡ್ಡದು. ಯಾರು ಬೇಕಿತ್ತು ಎಂದು ಕೇಳಿದರು. ಹೇಂದ್ರೆ, ವಾಯಿ ಎಂದೆಲ್ಲ ದ್ವಾರಕೆ ಹೇಳಿದಳು. ಕಾಕೂಗೆ ತಿಳಿಯಲಿಲ್ಲ. ಅವರು ವಾಯಿ ಬಿಟ್ಟು ವರ್ಷಗಳಾಗಿದ್ದವು, ಎದುರಿಗಿದ್ದದ್ದು ತೊಯ್ದು ಮುದ್ದೆಯಾದ ಒಬ್ಬ ಅಪರಿಚಿತ ಹುಡುಗಿ. ಮಂದಾ ಇದ್ದಾಳೇನು ಎಂದು ಕೇಳಿದರೆ, ಅವಳ ಮದುವೆಯಾಗಿ ಹೋದ ವರ್ಷವೇ ನಾಗಪುರಕ್ಕೆ ಹೋದಳು ಎಂಬ ಉತ್ತರ ಬಂತು. ದ್ವಾರಕೆಗೆ ತಿರುಗಿ ಹೋಗಿಬಿಡೋಣ ಅನ್ನಿಸಿತು. ಆದರೆ ಬೇವಿನ ಮರದ ಕೆಳಗೆ ಆಯಿ ಇದ್ದಳು. ನೆಲ ನೋಡುತ್ತ ಹೇಳಿದಳು:

"ನಾನು... ನಿಮ್ಮ ಸೊಸಿ ತಾಯಿ. ಠಕೂನ ತಾಯಿ."

ಒಳಗೆ ಆರಾಮ ಕುರ್ಚಿ ಕಿರುಗುಟ್ಟಿತು. ದಿಘೆ ಕಾಕಾ ಎದ್ದು, ಗೂಟದ ಟೊಪ್ಪಿಗೆ ತೆಗೆದು ತಲೆಗಿಟ್ಟುಕೊಂಡು ಬಾಗಿಲಿಗೆ ಬಂದರು.

"ಬೀಗಿತ್ತೇರು ಬಂದಾರ, ಹೊಸ್ತಿಲಿನ್ಯಾಗ ನಿಲ್ಲಿಸಿ ಮಾತಾಡಸ್ತೀಯಲ್ಲ," ಎಂದರು ಹೆಂಡತಿಗೆ. "ಕಾಲಿಗೆ ನೀರು ಕೊಡು."

ಕಾಕೂ ನೀರು ಕೊಟ್ಟರು, ಒಣ ಸೀರೆ ಕೊಟ್ಟರು. ಆಮೇಲೆ ಕೈ ಹಿಡಿದು ಒಳಗೆ ಕರೆದೊಯ್ದು ಗೋಡೆಯ ಗಾಜಿನ ಕಪಾಟು ತೋರಿಸಿದರು. ಬೆಳ್ಳಿಯ ಕುಂಕುಮದ ಬಟ್ಟಲ ಪಕ್ಕದಲ್ಲಿ ಖಣದ ಸೀರೆಯುಟ್ಟ ಠಕೂ ಗಂಡನಿಗೆ ಒರಗಿ ಕೂತಿದ್ದಳು, ಅದೇ ಚಾಡಿಯ ಬಾಯಿ. "ನಿನ್ನ ಮಗಳಿಗೆ ನಾವು ಏನೂ ಕಡಿಮಿ ಮಾಡಿಲ್ಲ, ನೋಡಿಕೋ," ಎಂದರು ಕಾಕೂ. ಅಷ್ಟು ದಿನ ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಮಳೆಯಲ್ಲಿ ತಡೆದಿದ್ದ ದ್ವಾರಕೆ ಆ ಕಪಾಟಿನ ಮುಂದೆ ನಿಂತು ಅತ್ತುಬಿಟ್ಟಳು. ಕಾಕೂ ತಡೆಯಲಿಲ್ಲ. ಚಹಕ್ಕೆ ಇಟ್ಟು ಬಂದರು.

ಕಾಕಾ ಕೊಡೆ ಹಿಡಿದು ಅವಳ ಜೊತೆಗೆ ಹೊರಟರು. ಬೇವಿನ ಮರದ ಕೆಳಗೆ ಆಯಿ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು. ಹುಡುಗಿಗೆ ತಿಳಿವಳಿಕೆ ಇಲ್ಲ, ಮಕ್ಕಳಾಟವನ್ನು ಹಿಡಿದುಕೊಂಡು ನಿಮಗೆ ತೊಂದರೆ ಕೊಟ್ಟಳು ಎಂದು ಕ್ಷಮೆ ಕೇಳತೊಡಗಿದಳು. ಕಾಕಾ ಕೊಡೆಯನ್ನು ಅವಳ ಮೇಲೆ ಹಿಡಿದರು.

"ಅಕ್ಷತಾ ನಾನೂ ಹಾಕೀನ್ರಿ ವೈನಿ," ಎಂದರು. "ಕೈಯಾರ ಅಕ್ಷತಾ ಹಾಕಿ, ಈಗ ಅದು ಆಟ ಅಂತ ಹ್ಯಾಂಗ ಅನ್ನಲಿ? ಹಾಸಿಗಿ ಎತ್ತರಿ."

ಆಯಿ ಹಾಸಿಗೆ ಎತ್ತಿದಳು.

ದಾದಾನ ಹೊಟ್ಟೆ ಕೊಯ್ದ ದಿನ ಕಾಕಾ ಕೋರ್ಟಿಗೆ ರಜೆ ಹಾಕಿ ಬಾಗಿಲ ಹೊರಗೆ ಕೂತಿದ್ದರು. ಆಮೇಲಿನ ವಾರಗಳಲ್ಲಿ ಕಾಕೂ ಡಬ್ಬಿಯಲ್ಲಿ ಗಂಜಿ, ಮೆತ್ತನೆಯ ಅನ್ನ ಕಳಿಸುತ್ತಿದ್ದರು. ತಾಯಿ ಮಗಳು ಸರದಿಯಲ್ಲಿ ಆಸ್ಪತ್ರೆಯಲ್ಲಿರುತ್ತಿದ್ದರು, ಮನೆಗೆ ಬಂದವರು ಕಾಕೂನ ಜೊತೆ ಅಡಿಗೆಗೆ ಕೈ ಹಚ್ಚುತ್ತಿದ್ದರು. ಕಾಕೂಗೆ ಗಂಡಿನ ಕಡೆಯವರ ಗತ್ತು ಬಿಟ್ಟಿರಲಿಲ್ಲ. ಮದುವೆಯಲ್ಲಿ ನಮಗೆ ಒಂದು ಲಾಡುವನ್ನಾದರೂ ಹಾಕಿದಿರಾ, ಬರೀ ಚುರುಮುರಿಯಲ್ಲೇ ಮುಗಿಸಿದಿರಿ ಎಂದು ಆಯಿಯನ್ನು ಚುಚ್ಚುತ್ತಿದ್ದರು. ಮೊದಮೊದಲು ತಲೆ ತಗ್ಗಿಸುತ್ತಿದ್ದ ಆಯಿ, ಒಂದು ವಾರದ ಮೇಲೆ, ಕೂಡಲು ಬಾರದ ಕಟ್ಟಿಗೆಯ ವರನಿಗೆ ಲಾಡು ಬೇರೆ ಕೇಡು ಎಂದು ತಿರುಗಿ ಕೊಟ್ಟಳು. ಕಾಕೂ ಸೌಟು ಕೆಳಗಿಟ್ಟು ನಕ್ಕರು. ಗಂಡ ಹಾಸಿಗೆ ಹಿಡಿದ ಮೇಲೆ ಆಯಿಯ ಮುಖದಲ್ಲಿ ನಗೆ ಕಂಡದ್ದು ಅವತ್ತೇ ಮೊದಲು.

ಅಷ್ಟರಲ್ಲಿ ಮಂದಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ತುಂಬಿದ ಹೊಟ್ಟೆ, ಊದಿದ ಕಾಲು. ದ್ವಾರಕೆಯನ್ನು ಕಂಡು ಬಾಗಿಲಲ್ಲೇ ಗಟ್ಟಿಯಾಗಿ ತಬ್ಬಿಕೊಂಡಳು. ಒಳಗೆ ಬಂದು ಅಡಿಗೆಮನೆಯ ಗಾಳಿಯನ್ನು ಒಮ್ಮೆ ಎಳೆದು ನೋಡಿದಳು.

"ಯಾಕ, ಈ ಮನ್ಯಾಗ ಮೀನದ ವಾಸನೀನ ಇಲ್ಲಲ್ಲ?" ಎಂದಳು. "ಅಪ್ಪಾ ಏನು ಪಂಢರಪುರದ ಮಾಲಿ ಹಾಕಿಕೊಂಡು ಮೀನ ಬಿಟ್ಟರೇನು?"

ಕಾಕೂ ಅವಳಿಗೆ ಕಣ್ಸನ್ನೆ ಮಾಡಿದ್ದನ್ನು ದ್ವಾರಕೆ ನೋಡಿಬಿಟ್ಟಳು. ಆಗ ಅವಳಿಗೆ ಅರ್ಥವಾಯಿತು. ಹೇಂದ್ರೆಯವರ ಕೊರಳಲ್ಲಿ ತುಳಸಿಮಣಿ, ಮನೆಯಲ್ಲಿ ಮೊಟ್ಟೆಯೂ ಬರುತ್ತಿರಲಿಲ್ಲ. ದಿಘೆಯವರದು ಮೀನಿಲ್ಲದೆ ತುತ್ತು ಇಳಿಯದ ಮನೆ. ವಾಯಿಯಲ್ಲಿದ್ದಾಗ ಬುಧವಾರ ಕಾಕಾ ತಾವೇ ಚೀಲ ಹಿಡಿದು ಹೊಳೆಯ ದಂಡೆಗೆ ಹೋಗುತ್ತಿದ್ದುದನ್ನು ಅವಳು ಕಂಡಿದ್ದಳು. ಇಷ್ಟು ವಾರ ಅವರು ಬರೀ ಸೊಪ್ಪು, ಬೇಳೆ ತಿಂದು, ಬಾಯಿ ಬಿಟ್ಟು ಒಂದು ಮಾತೂ ಆಡದೆ ಕೈ ತೊಳೆದು ಏಳುತ್ತಿದ್ದರು. ಆ ಮಧ್ಯಾಹ್ನ ದ್ವಾರಕೆ ತಟ್ಟೆ ಸರಿಸಿ ಎದ್ದಳು. ತಮ್ಮ ಸಲುವಾಗಿ ಹೀಗೆ ಮಾಡಬೇಡಿರೆಂದು ಕಾಕಾಗೆ ಹೇಳಲು ಹೋದಳು. ಬೀಗಿತ್ತೇರು ಬಂದಾಗಲೂ ಬಾಯಿ ಕಟ್ಟದಿದ್ದರೆ ಗಂಡಿನ ಕಡೆಯವರಿಗೆ ಏನು ಶೋಭೆ ಎಂದುಬಿಟ್ಟರು ಅವರು.

ಆಸ್ಪತ್ರೆಯಿಂದ ಬಿಟ್ಟ ಮೇಲೂ ದಾದಾನನ್ನು ಕೆಲವು ದಿನ ಬಸ್ಸಿನಲ್ಲಿ ಕುಲುಕಿಸುವ ಹಾಗಿರಲಿಲ್ಲ. ಅವನು ದಿಘೆಯವರ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತ. ಸುಮ್ಮನೆ ಕೂತು ಉಣ್ಣುವುದು ಅವನಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಹೊಲಿಗೆ ಯಂತ್ರ ಕೇಳಿ ತರಿಸಿದ. ಹುಟ್ಟುವ ಕೂಸಿಗೆ ಕುಂಚಿಗೆ, ಅಂಗಿ, ತಲೆದಿಂಬು ಹೊಲಿಯಬೇಕು ಎಂದ. ಕತ್ತರಿ ಹಿಡಿದ, ಬಟ್ಟೆ ಕತ್ತರಿಸಿದ. ಆದರೆ ಯಂತ್ರ ತುಳಿದರೆ ಹೊಟ್ಟೆಯ ಹೊಲಿಗೆ ಹಿಡಿಯುತ್ತಿತ್ತು.

"ದ್ವಾರ್ಕೇ, ನೀ ತುಳಿ. ನಾ ಹೇಳತೀನಿ," ಎಂದ.

ಅದುವರೆಗೆ ಗುಂಡಿ ಹಚ್ಚುವುದು, ಅಂಚು ಮಡಿಸುವುದು ಬಿಟ್ಟು ಅವಳು ಬೇರೇನೂ ಮಾಡಿದವಳಲ್ಲ. ಮೊದಲ ಅಂಗಿಯ ತೋಳು ತಿರುಗುಮುರುಗಾಯಿತು. ಮಂದಾ ಪಕ್ಕದಲ್ಲಿ ಕೂತು, ಹುಟ್ಟುವ ಕೂಸಿಗೆ ಕೈ ಹಿಂದಕ್ಕಿದ್ದರೆ ಇದು ಸರಿಯಾಗುತ್ತದೆ ಎಂದು ನಕ್ಕಳು. ದಾದಾ ಮಾತ್ರ ನಗಲಿಲ್ಲ. ಬಿಚ್ಚಿ ಮತ್ತೆ ಹಾಕಿಸಿದ. ದಿನಕ್ಕೊಂದರಂತೆ ಹೊಲಿಯುತ್ತ ಹೊಲಿಯುತ್ತ ಅವಳ ಕಾಲಿಗೆ ಯಂತ್ರದ ಲಯ ಹತ್ತಿತು. ಕೊನೆಯ ಕುಂಚಿಗೆಯನ್ನು ದಾದಾ ಬಿಚ್ಚಿಸಲಿಲ್ಲ. ಕೈಯಲ್ಲಿ ಹಿಡಿದು, ಒಳಗಿನ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ಕಾಕೂನ ಕೈಗೆ ಕೊಟ್ಟ.

ಹೊರಡುವ ದಿನ ಕಾಕೂ ಕಪಾಟಿನಿಂದ ಠಕೂನನ್ನು ತೆಗೆದು ದ್ವಾರಕೆಯ ಮುಂದೆ ಹಿಡಿದರು. ಮಂದಾ ಈಗ ತಾನೇ ತಾಯಿಯಾಗುವವಳು, ನಿನ್ನ ಮಗಳನ್ನು ನೀನು ಕರೆದುಕೊಂಡು ಹೋಗು ಎಂದರು. ದ್ವಾರಕೆ ಗೊಂಬೆಯನ್ನು ಎತ್ತಿಕೊಂಡಳು. ಎದೆಯ ಮೇಲಿನ ಎಣ್ಣೆಯ ಕಲೆ ಹಾಗೇ ಇತ್ತು. ಒಯ್ಯಬೇಕೆಂಬ ಆಸೆ ಇರಲಿಲ್ಲವೆಂದಲ್ಲ. ಆದರೆ ಮತ್ತೆ ಕಾಕೂನ ಕೈಗೇ ಇಟ್ಟಳು.

"ಇಲ್ಲೇ ಇರಲಿ ಕಾಕೂ," ಎಂದಳು. "ಇಕಿ ಇಲ್ಲಿದ್ದರ ನಾವು ಬಂದು ಹೋಗಲಿಕ್ಕೆ ಒಂದು ದಾರಿ ಇರತದ."

ಹಾಗೆ ಠಕೂ ಮಿರಜದಲ್ಲೇ ಉಳಿದಳು. ಮಂದಾಳಿಗೆ ಹೆಣ್ಣುಮಗು ಹುಟ್ಟಿತು. ಅದು ಬೆಳೆದು, ಠಕೂನನ್ನು ಎಳೆದಾಡಿ, ಜಡೆ ಕಿತ್ತು, ಕೈ ಕಚ್ಚಿ, ಬಿಸಿಲಿಗೆ ಮಳೆಗೆ ಬಿಟ್ಟು ಪೂರ್ತಿ ಸವೆಸಿಬಿಟ್ಟಿತು. ಆ ಸುದ್ದಿ ಕೇಳಿ ದ್ವಾರಕೆಗೆ ದುಃಖವಾಗಲಿಲ್ಲ. ಗಾಜಿನ ಹಿಂದೆ ಮುದುಕಿಯಾಗುವುದಕ್ಕಿಂತ ಅದೇ ಒಳ್ಳೆಯದು ಅನ್ನಿಸಿತು.

ದಾದಾ ಮತ್ತೆ ಯಂತ್ರ ತುಳಿಯುವಷ್ಟು ಗಟ್ಟಿಯಾಗಲೇ ಇಲ್ಲ. ಅವನು ಅಳತೆ ತೆಗೆದುಕೊಂಡು ಕತ್ತರಿಸುತ್ತಿದ್ದ, ದ್ವಾರಕೆ ಹೊಲಿಯುತ್ತಿದ್ದಳು. ಪೇಟೆಯ ಓಣಿಯಲ್ಲಿ ಹೆಣ್ಣುಮಗಳೊಬ್ಬಳು ಅಂಗಡಿಯಲ್ಲಿ ಕೂತು ಹೊಲಿಯುವುದು ಮೊದಮೊದಲು ಮಂದಿಗೆ ವಿಚಿತ್ರವಾಗಿತ್ತು. ಕುಪ್ಪಸ ಮೈಗೆ ಸರಿಯಾಗಿ ಕೂತ ಮೇಲೆ ವಿಚಿತ್ರ ಕಡಿಮೆಯಾಯಿತು. ಊರಿನವನೇ ಒಬ್ಬ ಶಾಲೆಯ ಮಾಸ್ತರನ ಜೊತೆ ಅವಳ ಮದುವೆಯಾಯಿತು. ಕಾಕೂ ಮಿರಜದಿಂದ ಬಂದು, ಮುಂದಿನ ಸಾಲಿನಲ್ಲಿ ಕೂತು, ಲಾಡು ಬಡಿಸುವವನನ್ನು ನಿಲ್ಲಿಸಿ, ಹಿಂದಿನ ಮದುವೆಯ ಬಾಕಿಯೂ ಸೇರಿ ಎರಡು ಹಾಕು ಎಂದರು. ಸುತ್ತ ಕೂತವರಿಗೆ ತಿಳಿಯಲಿಲ್ಲ. ಆಯಿ ಮಾತ್ರ ಕಂಬದ ಹಿಂದೆ ನಿಂತು ನಗುತ್ತಲೇ ಕಣ್ಣೊರೆಸಿಕೊಂಡಳು.

ದಿಘೆ ಕಾಕಾ ತೀರಿಕೊಂಡಾಗ ದ್ವಾರಕಾಬಾಯಿಯ ತಲೆಯಲ್ಲೂ ನರೆಗೂದಲು ಮೂಡಿತ್ತು. ಹದಿಮೂರನೆಯ ದಿನದ ಊಟಕ್ಕೆ ಗಂಡನ ಜೊತೆ ಮಿರಜಕ್ಕೆ ಹೋದಳು. ಮನೆ ತುಂಬ ಪುಣೆ, ಠಾಣೆಯ ನೆಂಟರು. ಹಿಂದಿನ ದಿನವೇ ಬಂದು ಸೆರಗು ಬಿಗಿದು ಕೆಲಸಕ್ಕೆ ನಿಂತ ಇವಳನ್ನು ನೋಡಿ ಅವರಲ್ಲೊಬ್ಬರು, ನೀವು ಇವರಿಗೆ ಹೇಗೆ ಸಂಬಂಧ ಎಂದು ಕೇಳಿದರು. ದ್ವಾರಕಾಬಾಯಿ ಬಾಯಿ ತೆರೆಯುವ ಮೊದಲೇ ನೀರಿನ ಕೊಡ ಹಿಡಿದು ಹೋಗುತ್ತಿದ್ದ ಮಂದಾ, ಅವಳು ನನ್ನ ಬೀಗಿತ್ತಿ ಎಂದು ಹೇಳಿ ನಡೆದುಬಿಟ್ಟಳು. ಕೇಳಿದವರು ಮಂದಾಳ ಮಗಳ ಅತ್ತೆಯಿರಬೇಕೆಂದುಕೊಂಡು ಗೌರವದಿಂದ ಮಣೆ ಸರಿಸಿ ಕೊಟ್ಟರು.

ಮಾರನೆಯ ಬೆಳಿಗ್ಗೆ ನೆಂಟರೆಲ್ಲ ಹೊರಟ ಮೇಲೆ ಕಾಕೂ ಹಿತ್ತಲಿನ ಕಟ್ಟೆಯ ಮೇಲೆ ಮೆಂತೆಯ ಸೊಪ್ಪು ಸೋಸುತ್ತ ಕೂತಿದ್ದರು. ದ್ವಾರಕಾಬಾಯಿ ಪಕ್ಕದಲ್ಲಿ ಕೂತಳು. ಇಷ್ಟು ವರ್ಷ ಬಂದು ಹೋಗಿ ಮಾಡಿದ್ದಳು, ಹಬ್ಬಕ್ಕೆ ಕುಪ್ಪಸ ಹೊಲಿದು ಕಳಿಸಿದ್ದಳು, ಆದರೆ ಹೇಳಬೇಕಾದ ಮಾತನ್ನು ಕಾಕಾ ಇರುವಾಗ ಒಮ್ಮೆಯೂ ಹೇಳಿರಲಿಲ್ಲ. ಇನ್ನಾದರೂ ಹೇಳಬೇಕೆಂದು ಸುರು ಮಾಡಿದಳು. ಅವತ್ತು ಮಳೆಯಲ್ಲಿ ನೀವು ಕದ ಮುಚ್ಚಿದ್ದರೆ ದಾದಾ ಉಳಿಯುತ್ತಿರಲಿಲ್ಲ, ನನ್ನ ಕೈಗೆ ಕೆಲಸ ಬರುತ್ತಿರಲಿಲ್ಲ, ನಿಮ್ಮ ಉಪಕಾರ ಈ ಜನ್ಮದಲ್ಲಿ...

ಕಾಕೂ ಸೊಪ್ಪಿನ ಕಟ್ಟು ಬಿಚ್ಚಿ ಅರ್ಧವನ್ನು ಅವಳ ಮಡಿಲಿಗೆ ಹಾಕಿದರು.

"ಬೀಗಿತ್ತೇರು ಉಪಕಾರ ಹೇಳಿದ್ದು ಎಲ್ಲೆರೆ ಕೇಳೀಯೇನ?" ಎಂದರು. "ಬೀಗಿತ್ತೇರು ಜಗಳಾಡಬೇಕು. ನಮ್ಮವರೂ ಅದನ್ನ ಬಯಸತಿದ್ದರು. ದಂಟು ದಪ್ಪ ಬಿಡಬ್ಯಾಡ, ನನಗ ಹಲ್ಲಿಲ್ಲ."

ದ್ವಾರಕಾಬಾಯಿ ಮೂಗೊರೆಸಿಕೊಂಡು ಸೊಪ್ಪು ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ನಿಮ್ಮ ಮಿರಜದ ಮೆಂತೆ ಬರೀ ದಂಟು, ನಮ್ಮ ವಾಯಿಯದಾದರೆ ಎಲೆಯಷ್ಟೇ ಇರುತ್ತದೆ ಎಂದಳು. ಕಾಕೂ ತಲೆ ಎತ್ತಿ, ಅಷ್ಟು ಚಂದ ಇದ್ದರೆ ಬರುವಾಗ ಒಂದು ಕಟ್ಟು ತರಲಿಕ್ಕೆ ಏನಾಗಿತ್ತು ಎಂದು ಕೇಳಿದರು. ಮಂದಾ ಅಡಿಗೆಮನೆಯ ಬಾಗಿಲಲ್ಲಿ ಚಹದ ಬಟ್ಟಲುಗಳನ್ನು ಹಿಡಿದು, ಇಬ್ಬರ ಮಾತು ಮುಗಿಯಲೆಂದು ಕಾಯುತ್ತ ನಿಂತಳು. ಮಾತು ಮುಗಿಯುವ ಲಕ್ಷಣ ಕಾಣದೆ ಅವಳೂ ಬಂದು ಕಟ್ಟೆಯ ಮೇಲೆ ಕೂತಳು.